ಸ್ಮಾರ್ಟ್ ಬೋರ್ಡ್‌ನಲ್ಲಿ ನೋಡಿದ್ದು ಮರುದಿನ ಯಾಕೆ ನೆನಪಿರುವುದಿಲ್ಲ?

ಪ್ರಶ್ನೆ: ರೋಣ ತಾಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ ನಾನು. ನಮ್ಮಲ್ಲಿ ಸ್ಮಾರ್ಟ್ ಬೋರ್ಡ್ ಬಂದಿದೆ. 10ನೇ ತರಗತಿಯ ವಿದ್ಯುತ್ ಪಾಠಕ್ಕೆ ವಿಡಿಯೊ ಹಾಕಿದರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಮರುದಿನ ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ನೆಟ್ ಕೂಡ ಸರಿಯಾಗಿ ಸಿಗುವುದಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ವಿಡಿಯೊ ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಹೇಳಿಬಿಡುತ್ತದೆ. ಮಕ್ಕಳಿಗೆ ಸುಮ್ನೆ ಕೂರುವುದೊಂದೇ ಕೆಲಸ. ಈ ಪಾಠಕ್ಕೆ ವಿಡಿಯೊ ಬಿಡಿ, ಸಿಮ್ಯುಲೇಶನ್ ಇಟ್ಟುಕೊಳ್ಳಿ, ಅಂದರೆ ಮಕ್ಕಳೇ ಪರದೆಯ ಮೇಲೆ ಜೋಡಿಸಿ, ಬದಲಿಸಿ ನೋಡುವ ಪ್ರಯೋಗ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ 'ಫೆಟ್' ಎಂಬ ಸಿಮ್ಯುಲೇಶನ್ ಸಂಗ್ರಹ ಪುಕ್ಕಟೆ ಸಿಗುತ್ತದೆ, ಕೆಲವು ಕನ್ನಡದಲ್ಲೂ ಇವೆ. ನೆಟ್ ಇರುವ ಕಡೆ ಫೈಲ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ. ಆಮೇಲೆ ನೆಟ್ ಬೇಡ, ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ.

ಆದರೆ ಅದನ್ನು ಆನ್ ಮಾಡುವ ಮೊದಲು ಕರಿಹಲಗೆ ಮೇಲೆ ಒಂದು ಸೆಲ್, ಒಂದರ ಹಿಂದೆ ಒಂದರಂತೆ ಎರಡು ಬಲ್ಬ್ ಬರೆಯಿರಿ. ಯಾವುದು ಜಾಸ್ತಿ ಉರಿಯುತ್ತದೆ ಎಂದು ಕೇಳಿ. ಕೈ ಎತ್ತಿಸಿ, ಎಣಿಸಿ, ಲೆಕ್ಕವನ್ನು ಮೂಲೆಯಲ್ಲಿ ಬರೆದಿಡಿ. ನರಗುಂದ ಕಡೆಯ ಒಂದು ಶಾಲೆಯಲ್ಲಿ ಹೀಗೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಮೊದಲನೇದ್ರೀ ಸರ್. ಕರೆಂಟ್ ಅಲ್ಲೇ ಖರ್ಚಾಗ್ತೈತ್ರಿ, ಎರಡನೇದಕ್ಕ ಏನ್ ಉಳೀತೈತಿ?" ಅದು ಮಲಪ್ರಭಾ ಕಾಲುವೆಯ ಲೆಕ್ಕ. ಮೇಲಿನವರು ನೀರು ತಿರುಗಿಸಿಕೊಂಡರೆ ಕೊನೆಯ ಹೊಲ ಒಣಗುತ್ತದೆ ಅಲ್ವಾ? ಎಷ್ಟು ಚಂದದ ತಪ್ಪು! ತರಗತಿಯ ಬಹಳಷ್ಟು ಮಕ್ಕಳು ಅವನ ಕಡೆಯೇ ಇದ್ದರು.

ಈಗ ಸಿಮ್ಯುಲೇಶನ್ ತೆರೆಯಿರಿ. ಬಲ್ಬ್ ಜೋಡಿಸುವುದು ಆ ಹುಡುಗನೇ ಆಗಲಿ. ಎಲೆಕ್ಟ್ರಾನ್ ಚುಕ್ಕೆಗಳು ಎರಡೂ ಬಲ್ಬ್ ದಾಟಿ ಒಂದೇ ವೇಗದಲ್ಲಿ ಹೋಗುತ್ತವೆ. ಕರೆಂಟ್ ಅಳೆಯುವ ಅಮ್ಮೀಟರ್ ಎಲ್ಲಿಟ್ಟರೂ ಅದೇ ಅಂಕಿ. ಖರ್ಚಾಗುವುದು ಸೆಲ್ಲಿನ ಶಕ್ತಿ, ಕರೆಂಟ್ ಅಲ್ಲ. ಇದನ್ನು ನೀವು ಹೇಳಬೇಡಿ, ಅವರೇ ಹೇಳುವವರೆಗೆ ಕಾಯಿರಿ.

ಅದೇ ಪೀರಿಯಡ್‌ನಲ್ಲಿ ನಿಜವಾದ ಸೆಲ್, ಟಾರ್ಚ್ ಬಲ್ಬ್ ಮೇಜಿನ ಮೇಲೆ ಬರಬೇಕು. ಎಲ್‌ಇಡಿ ಬೇಡ, ಒಳಗೆ ತಂತಿ ಇರುವ ಹಳೇ ಬಲ್ಬೇ ಆಗಬೇಕು. ಇಲ್ಲೊಂದು ತೊಡಕಿದೆ. ಅಂಗಡಿಯಿಂದ ತಂದ ಎರಡು ಬಲ್ಬ್ ಪೂರ್ತಿ ಒಂದೇ ತರಹ ಇರುವುದಿಲ್ಲ. ಒಂದು ಮಂಕಾಗಿಯೇ ಉರಿಯಬಹುದು. "ನೋಡ್ರೀ, ನಾ ಹೇಳಲಿಲ್ಲೇನ್ರೀ?" ಎಂದು ನಮ್ಮ ಹುಡುಗ ಅಂದೇ ಅಂದ. ಗಾಬರಿಯಾಗಬೇಡಿ, ಪಾಠ ಇಲ್ಲೇ ಇದೆ. ಎರಡೂ ಬಲ್ಬ್‌ಗಳ ಜಾಗ ಅದಲು ಬದಲು ಮಾಡಿಸಿ. ಹುಡುಗನ ಮಾತು ನಿಜವಾಗಿದ್ದರೆ ಎರಡನೇ ಜಾಗದಲ್ಲಿರುವುದೇ ಮಂಕಾಗಬೇಕು. ಹಾಗಾಗುವುದಿಲ್ಲ, ಮೊದಲು ಮಂಕಾಗಿದ್ದ ಬಲ್ಬೇ ಈಗಲೂ ಮಂಕಾಗಿರುತ್ತದೆ. ಅವನು ಎರಡು ಸಲ ಬದಲಿಸಿ ನೋಡಿದ. ಮೂರನೇ ಸಲ ತಾನೇ ಎದ್ದು ಹೋಗಿ ಮೂಲೆಯ ಲೆಕ್ಕ ಒರೆಸಿದ. ಸಿಮ್ಯುಲೇಶನ್‌ನ ಬಲ್ಬ್‌ಗಳು ಒಂದೇ ಅಚ್ಚಿನವು, ಅಲ್ಲಿ ಇಷ್ಟು ಜಗಳ ಸಿಗುವುದಿಲ್ಲ. ಕರೆಂಟ್ ಹೋದರೂ ಈ ಭಾಗ ನಿಲ್ಲುವುದಿಲ್ಲ ನೋಡಿ.

ಪ್ರಶ್ನೆ: ಮಗಳು ಹುಬ್ಬಳ್ಳಿಯಲ್ಲಿ 9ನೇ ತರಗತಿ. ವಿಜ್ಞಾನಕ್ಕೆ ದುಡ್ಡು ಕೊಟ್ಟು ಕಲಿಕಾ ಆ್ಯಪ್ ತೆಗೆದುಕೊಳ್ಳಬೇಕಾ?

ಉತ್ತರ: ಸದ್ಯಕ್ಕೆ ಬೇಡ ಸರ್. ಜರ್ಮನಿಯ ಆಕೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ಮಾಡಿದ 'ಫೈಫಾಕ್ಸ್' ಆ್ಯಪ್ ಪುಕ್ಕಟೆ ಇದೆ. ಫೋನಿನ ಮೈಕ್, ಸೆನ್ಸರ್‌ಗಳನ್ನೇ ಅದು ಅಳತೆಯ ಸಾಧನ ಮಾಡುತ್ತದೆ. ಗದ್ದಲ ಇಲ್ಲದ ಹೊತ್ತು ನೋಡಿ ಮಾಳಿಗೆ ಮೇಲೆ ಎರಡು ಫೋನ್ 10 ಮೀಟರ್ ದೂರದಲ್ಲಿಡಿ. ಎರಡರಲ್ಲೂ ಅದರ ಸದ್ದಿನ ಸ್ಟಾಪ್‌ವಾಚ್ ತೆರೆಯಿರಿ. ಮೊದಲ ಫೋನಿನ ಪಕ್ಕದಲ್ಲಿ ನೀವು ಚಪ್ಪಾಳೆ ತಟ್ಟಿ, ಎರಡೂ ಓಡಲು ಶುರುವಾಗುತ್ತವೆ. ಎರಡನೆಯದರ ಪಕ್ಕದಲ್ಲಿ ಮಗಳು ತಟ್ಟಲಿ, ಎರಡೂ ನಿಲ್ಲುತ್ತವೆ. ನಿಮ್ಮ ಚಪ್ಪಾಳೆ ಎರಡನೇ ಫೋನಿಗೂ ಮಗಳ ಚಪ್ಪಾಳೆ ಮೊದಲ ಫೋನಿಗೂ 10 ಮೀಟರ್ ದಾಟಿ ತಡವಾಗಿ ತಲುಪುತ್ತವೆ, ಹಾಗಾಗಿ ಎರಡರ ಸಮಯದಲ್ಲಿ ಬರುವ ವ್ಯತ್ಯಾಸ, ಸದ್ದು ಒಟ್ಟು 20 ಮೀಟರ್ ಹೋಗಲು ತೆಗೆದುಕೊಂಡ ಸಮಯ. ಅದು 0.058 ಸೆಕೆಂಡಿನ ಆಸುಪಾಸು ಬರಬೇಕು. 20ನ್ನು ಅದರಿಂದ ಭಾಗಿಸಿದರೆ ಸದ್ದಿನ ವೇಗ, ಸೆಕೆಂಡಿಗೆ ಸುಮಾರು 345 ಮೀಟರ್. ಪಾಠದಲ್ಲಿ 22 ಡಿಗ್ರಿ ಉಷ್ಣತೆಗೆ ಸೆಕೆಂಡಿಗೆ 344 ಮೀಟರ್ ಎಂದಿದೆ. ಒಂದೇ ಸಲಕ್ಕೆ ಸರಿ ಬರಲಿಕ್ಕಿಲ್ಲ, ಹತ್ತು ಸಲ ಅಳೆದು ಸರಾಸರಿ ತೆಗೆಯಲಿ. ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರವೂ ನಿಮಗೆ ಹತ್ತಿರವೇ ಇದೆ, ರಜೆಯಲ್ಲಿ ಕರೆದುಕೊಂಡು ಹೋಗಿ.