ಚಿಕ್ಕ ಹಿತ್ತಲಿನಲ್ಲಿ ಹಕ್ಕಿ, ಚಿಟ್ಟೆಗಳಿಗೆ ಏನು ಮಾಡಬಹುದು?

30×40 ಸೈಟಿನ ಮನೆ, ಹಿಂದೆ ನಾಲ್ಕು ಹೆಜ್ಜೆ ಜಾಗ ಅಂದಿದ್ದೀರಿ. ಧಾರಾಳವಾಯ್ತು.

ಮೊದಲು ಕರಿಬೇವು ನೆಡಿ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಅದರ ಎಲೆಯ ಮೇಲೆ, ಇಲ್ಲವೇ ನಿಂಬೆ ಗಿಡದಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಶುರುವಿನಲ್ಲಿ ಥೇಟ್ ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಹಸಿರು. ಎಲೆ ತಿನ್ನುತ್ತದೆ, ನಿಜ. ಒಗ್ಗರಣೆಗೆ ಎರಡು ಎಸಳು ಕಡಿಮೆಯಾಗಬಹುದು. ಆದರೆ ಔಷಧಿ ಹೊಡೆದರೆ ಚಿಟ್ಟೆಯೂ ಇಲ್ಲ, ಆ ಹುಳು ಹಿಡಿದು ಮರಿಗೆ ಉಣಿಸುವ ಹಕ್ಕಿಯೂ ಇಲ್ಲ. ಬೇಲಿ ಬದಿಯಲ್ಲಿ ತಾನಾಗಿ ಹುಟ್ಟಿದ ಎಕ್ಕದ ಗಿಡವನ್ನೂ ಕೀಳಬೇಡಿ, ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳಿಗೆ ಅದೇ ಊಟ.

ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿಗೆ ಒಂದು ದಾಸವಾಳ ಸಾಕು, ಒಂಟಿ ಸುತ್ತಿನ ಹೂವಿನದ್ದಾದರೆ ಮೇಲು.

ನೀರಿಗೆ ಆಳವಿಲ್ಲದ ಮಣ್ಣಿನ ತಟ್ಟೆ; ಜೇನ್ನೊಣ ಮುಳುಗದಂತೆ ನಡುವೆ ಒಂದು ಕಲ್ಲು. ದಿನಾ ತೊಳೆದು ನೀರು ಬದಲಿಸಿ, ಇಲ್ಲದಿದ್ದರೆ ನೀವು ಸಾಕುವುದು ಸೊಳ್ಳೆಯನ್ನು.

ಇಲಿ ಪಾಷಾಣ ಮಾತ್ರ ಬೇಡವೇ ಬೇಡ. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಅದೂ ಸಾಯಬಹುದು.