ಗದಗದ ಮಳೆಗೆ ದೋಣಿ ಯಾಕೆ?

ಪ್ರಶ್ನೆ: ಗದಗ ಹತ್ತಿರದ ಹಳ್ಳಿಯಲ್ಲಿ ನಮ್ಮದು ಹೆಂಚಿನ ಮನೆ. ಎರೆ ಮಣ್ಣಿನ ಜಾಗ. ಪಡಸಾಲೆಯ ಹೊರಗೋಡೆ ಬುಡದಲ್ಲಿ ಗಿಲಾವು ಉದುರುತ್ತಿದೆ, ಮೂಲೆಯಲ್ಲಿ ಬಿರುಕೂ ಬಿಟ್ಟಿದೆ. ಹೆಂಚಿನ ನೀರು ಹಿಡಿಯೋಕೆ ಸೂರಿನುದ್ದಕ್ಕೂ ದೋಣಿ ಕಟ್ಟಿಸಿ, ಪೈಪ್ ಇಳಿಸಿ ಅಂತ ಗೌಂಡಿ ಹೇಳುತ್ತಾರೆ. ನಮ್ಮ ಕಡೆ ಮಳೆಯೇ ಕಡಿಮೆ, ಸುಮ್ನೆ ಖರ್ಚಲ್ವಾ?

ಉತ್ತರ: ಗೌಂಡಿ ಹೇಳಿದ್ದು ಸರಿ ಇದೆ ರೀ. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 20x30 ಅಡಿ ಮನೆಗೆ ಮೇ ತಿಂಗಳ ಅಡ್ಡ ಮಳೆ 25 ಮಿ.ಮೀ. ಸುರಿದರೂ ಸುಮಾರು 1,400 ಲೀಟರ್ ಆಯಿತು, ಅದಷ್ಟೂ ಸೂರಿನಿಂದ ಪಾಯದ ಪಕ್ಕಕ್ಕೇ ಬೀಳುತ್ತದೆ.

ಎರೆ ಮಣ್ಣಿನ ಗುಣ ನಿಮಗೆ ಹೇಳಬೇಕಿಲ್ಲ, ಬೇಸಿಗೆಯಲ್ಲಿ ಹೊಲ ಬಾಯಿ ಬಿಡೋದು ದಿನಾ ನೋಡುತ್ತೀರಿ. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊರಗಿನ ಮಣ್ಣು ನೆನೆದು ಉಬ್ಬಿ, ಮನೆಯೊಳಗಿನ ನೆಲದಡಿ ಒಣಗಿಯೇ ಇದ್ದರೆ ಪಾಯ ಒಂದು ಕಡೆ ಎತ್ತಿ ಗೋಡೆ ಸೀಳುತ್ತದೆ. ಗಿಲಾವು ಉದುರೋದು ಸೂರಿನ ನೀರು ನೆಲಕ್ಕೆ ಬಡಿದು ಗೋಡೆಗೆ ಸಿಡಿಯೋದರಿಂದ. ಸೂರಿನ ನೇರಕ್ಕೆ ಅಂಗಳದಲ್ಲಿ ಸಾಲಾಗಿ ತಗ್ಗು ಬಿದ್ದಿದ್ದರೆ, ಗೋಡೆ ಬುಡಕ್ಕೆ ಕೆಸರಿನ ಚುಕ್ಕೆ ಕಂಡರೆ ಅನುಮಾನವೇ ಬೇಡ. ಒಳಗೋಡೆಗಳಲ್ಲೂ ಥಂಡಿ ಇದ್ದರೆ ಮಾತ್ರ ಅದು ನೆಲದಿಂದ ಏರುವ ತೇವ, ಅದು ದೋಣಿಯಿಂದ ಹೋಗುವುದಿಲ್ಲ.

ದೋಣಿ ತಗಡಿನದೋ ಪಿವಿಸಿಯದೋ ನಿಮ್ಮಿಷ್ಟ. ಹತ್ತು ಅಡಿಗೆ ಅರ್ಧ ಇಂಚು ಇಳಿಜಾರು ಇರಲಿ, ಎರಡು ಮೂರು ಅಡಿಗೊಂದು ಕ್ಲಾಂಪ್ ಹಾಕಿಸಿ, ಇಲ್ಲಾಂದ್ರೆ ನೀರು ತುಂಬಿದಾಗ ನಡುವೆ ಜೋತು ಬೀಳುತ್ತದೆ. ಜಾಸ್ತಿ ಜನ ಎಡವೋದು ಪೈಪಿನ ತುದಿಯಲ್ಲಿ. ದುಡ್ಡು ಕೊಟ್ಟು ದೋಣಿ ಹಾಕಿಸಿ, ಪೈಪನ್ನು ಗೋಡೆ ಬುಡದಲ್ಲೇ ಬಿಟ್ಟುಬಿಡುತ್ತಾರೆ! ಮೊದಲು ಸೂರಿನುದ್ದಕ್ಕೂ ಬೀಳುತ್ತಿದ್ದ ನೀರೆಲ್ಲ ಈಗ ಒಂದೇ ಮೂಲೆಗೆ. ಅದಕ್ಕಿಂತ ದೋಣಿ ಇಲ್ಲದಿದ್ದರೇ ವಾಸಿ. ಪೈಪಿನ ತುದಿಗೆ ಮೊಣಕೈ (ಬಾಗಿದ ಎಲ್ಬೋ ಜೋಡಣೆ) ಹಾಕಿಸಿ ಕನಿಷ್ಠ ಆರು ಅಡಿ ಆಚೆ, ಗಟಾರಕ್ಕೋ ತೊಟ್ಟಿಗೋ ಒಯ್ಯಿರಿ. ಪಕ್ಕದವರ ಗೋಡೆ ಕಡೆಗಂತೂ ಬೇಡ, ಆಮೇಲೆ ಜಗಳ ಗ್ಯಾರಂಟಿ. ಬೇವಿನ ಎಲೆ ಪೈಪಿನ ಬಾಯಿ ಕಟ್ಟುತ್ತದೆ, ಮಳೆಗೆ ಮುಂಚೆ ಒಮ್ಮೆ ಬಳಿದು ತೆಗೆಯಿರಿ.

ಬಿರುಕಿಗೆ ಈಗಲೇ ಸಿಮೆಂಟ್ ಮೆತ್ತಬೇಡಿ. ಅದರ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ದೋಣಿ ಹಾಕಿದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಬಿರುಕು ಗುರುತು ದಾಟದಿದ್ದರೆ ಆಗ ತುಂಬಿಸಿ. ದಾಟಿದರೆ ಎಂಜಿನಿಯರ್ ಒಬ್ಬರನ್ನು ಕರೆಸಿ ಪಾಯ ತೋರಿಸಿ.