ಮೀನಿನ ಮಾತು ಸಾಕು, ಅನ್ನದ ಮಾತಾಡೋಣ

ಬೆಳಗಾವಿಯ ಟಿಳಕವಾಡಿಯ ಓದುಗರೊಬ್ಬರು ಭಾನುವಾರ ಮಧ್ಯಾಹ್ನ ಮನೆಮಂದಿಯನ್ನೆಲ್ಲ ಹತ್ತಿರದ ಜಪಾನಿ ಹೋಟೆಲಿಗೆ ಕರೆದೊಯ್ದಿದ್ದಾರೆ. ಹುಳಿ ಬೆರೆಸಿದ ಅನ್ನಕ್ಕೆ ಮೀನನ್ನೋ ತರಕಾರಿಯನ್ನೋ ಜೋಡಿಸಿದ ಸುಶಿಯನ್ನು ಮಕ್ಕಳು ಖುಷಿಯಿಂದ ತಿಂದರಂತೆ, ಅಜ್ಜಿ ತಟ್ಟೆ ಮುಟ್ಟಲಿಲ್ಲವಂತೆ. ಉಳಿದದ್ದನ್ನು ಕಟ್ಟಿಸಿ ತಂದು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಕಲ್ಲು. ‘ಹಸಿ ಮೀನು, ತಂಗಳನ್ನ, ಇದಕ್ಕೆ ಇಷ್ಟು ದುಡ್ಡೇ?’ ಎಂಬುದು ಅವರ ಪ್ರಶ್ನೆ.

ಉತ್ತರ: ಬಿಲ್ಲು ಹೆಚ್ಚಾಯಿತೆಂಬುದನ್ನು ಒಪ್ಪಿದೆ. ಆದರೆ ಪತ್ರದ ತುಂಬ ಮೀನೇ ಈಜಾಡಿದೆ. ಅನ್ನ ಬಂದಿರುವುದು ಒಂದೇ ಸಲ, ಅದೂ ಬೈಗುಳವಾಗಿ. ಸ್ವಾಮಿ, ಮೀನಿಲ್ಲದೆ ಸುಶಿಯಾಗುತ್ತದೆ, ಅನ್ನವಿಲ್ಲದೆ ಆಗುವುದಿಲ್ಲ.

ಗುಂಡಗಿನ ಜಪಾನಿ ಅಕ್ಕಿಯನ್ನು ನೀರು ತಿಳಿಯಾಗುವತನಕ ತೊಳೆದು ಅರ್ಧ ಗಂಟೆ ನೆನೆಸುತ್ತಾರೆ. ಲೋಟ ಅಕ್ಕಿಗೆ ಲೋಟ ನೀರು, ಮೇಲೆ ಒಂದೆರಡು ಚಮಚ. ಬಸಿಯುವ ಮಾತಿಲ್ಲ, ಒಲೆ ಆರಿಸಿದ ಮೇಲೂ 10 ನಿಮಿಷ ಮುಚ್ಚಳ ತೆಗೆಯುವಂತಿಲ್ಲ. 300 ಗ್ರಾಂ ಅಕ್ಕಿಗೆ 50–60 ಮಿ.ಲೀ. ಅಕ್ಕಿ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು. ಅನ್ನ ಹೊಗೆಯಾಡುವಾಗಲೇ ಸುರಿದು, ಸೌಟಿನ ಅಂಚಿನಿಂದ ಸೀಳಿದಂತೆ ಬೆರೆಸಬೇಕು, ತಿರುವಿದರೆ ಮುದ್ದೆಯಾಗುತ್ತದೆ. ಬೀಸಣಿಗೆಯಿಂದ ಬೀಸಿ ಮೈಬಿಸಿಗೆ ಇಳಿಸಿದಾಗ ಹದ. ತಣ್ಣಗಿದ್ದರೂ ಅದು ತಂಗಳಲ್ಲ: ವಿನೆಗರಿನ ಹುಳಿಯಿಂದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 4.6ರ ಕೆಳಗಿಳಿದರೆ ಅನ್ನ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯದು. ಫ್ರಿಜ್ಜಿನ ತಂಪಿಗೆ ಪಿಷ್ಟ ಬಿಗಿದುಕೊಳ್ಳುತ್ತದೆ. ತಪ್ಪು ನಿಮ್ಮದು, ಹೋಟೆಲಿನದಲ್ಲ.

ಇದೇನು ಶ್ರೀಮಂತರ ತಿಂಡಿಯೂ ಅಲ್ಲ. ಜಪಾನಿನ ಬಿವಾ ಸರೋವರದ ಕಡೆ ಮೀನನ್ನು ಅನ್ನದಲ್ಲಿ ತಿಂಗಳುಗಟ್ಟಲೆ ಹುದುಗಿಸಿಡುತ್ತಿದ್ದರು; ಕೈಯಲ್ಲಿ ಒತ್ತಿಕೊಡುವ ಇಂದಿನ ಬಗೆ 19ನೇ ಶತಮಾನದ ಎದೋ ಪಟ್ಟಣದ, ಅಂದರೆ ಈಗಿನ ಟೋಕಿಯೊದ, ಬೀದಿಬದಿಯದು. ಕೈಯಿಂದಲೇ ತಿನ್ನಿ, ಸೋಯಾ ಸಾಸನ್ನು ಮೀನಿನ ಬದಿಗೆ ತಾಗಿಸಿ. ಅನ್ನವನ್ನು ಅದ್ದಿದರೆ ಬಟ್ಟಲಲ್ಲೇ ಉದುರುತ್ತದೆ.

ಮೀನಿನ ಬಗ್ಗೆ ನಿಮ್ಮ ಅಳುಕು ಸುಳ್ಳಲ್ಲ. ಗೋವೆಯಿಂದ ಚೋರ್ಲಾ ಘಾಟ್ ಹತ್ತಿಬಂದ ಬಂಗಡೆ ಎಷ್ಟೇ ತಾಜಾ ಇರಲಿ, ಸಾರು ಮಾಡಲು ಮಾತ್ರ. ಹಸಿ ತಿನ್ನುವ ಮೀನಿನ ಹುಳು ಸಾಯಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು. ಅದು ಹೋಟೆಲಿನವರನ್ನು ಕೇಳಬೇಕಾದ ಪ್ರಶ್ನೆ. ಅಜ್ಜಿಗೆ ಸೌತೆಕಾಯಿಯ ಸುಶಿ ಸುರುಳಿ, ಕಪ್ಪಾಮಾಕಿ ಹೇಳಿ. ತೋಫು ಚೀಲದಲ್ಲಿ ಅನ್ನ ತುಂಬಿದ ಇನಾರಿ, ಹುದುಗಿಸಿದ ಸೋಯಾದ ಮಿಸೋ ಸೂಪು ನೋಡಲು ಸಸ್ಯಾಹಾರ. ಆದರೆ ಅವುಗಳಿಗೆ ಬಳಸುವ ದಾಶಿ ಎಂಬ ಕಟ್ಟಿನ ನೀರಿಗೆ ಸಾಮಾನ್ಯವಾಗಿ ಒಣಮೀನು ಬಿದ್ದಿರುತ್ತದೆ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಬೆಳಗ್ಗೆ ಕಟ್ಟಿದ ಹುಳಿಬುತ್ತಿಯನ್ನು ಮಧ್ಯಾಹ್ನ ಚಪ್ಪರಿಸುವ ಸೀಮೆಯವರು ನಾವು. ತಣ್ಣನೆ ಹುಳಿಯನ್ನಕ್ಕೆ ನಾವೇ ಮೂಗು ಮುರಿದರೆ? ಪನೀರ್ ತಾಜಾವೇ ಎಂದು ಮಾಣಿಯನ್ನು ಗದರಿಸುವವರುಂಟು, ಅಕ್ಕಿ ಯಾವುದೆಂದು ಕೇಳುವವರಿಲ್ಲ. ಮದುವೆಮನೆಯಲ್ಲಂತೂ ಹೋಳಿಗೆಗೆ ಹೊಗಳಿಕೆ, ಬಿರುಸಾದ ಅನ್ನಕ್ಕೆ ಮೌನ. ಬೆಳಗಾವಿ ಬಾಸುಮತಿಯ ಹೆಸರು ಹೇಳುವ ಬಾಯಿಗಳೇ ಕಡಿಮೆಯಾಗಿವೆ. ಚೀಲದ ಮೇಲಿನ ಬ್ರ್ಯಾಂಡ್ ಓದಿ ಅಕ್ಕಿ ತರುತ್ತೇವೆ.

ಮನೆಯಲ್ಲಿ ಮಾಡಿ ನೋಡುವುದಾದರೆ ಬಾಸುಮತಿ ಬೇಡ, ಅಂಟುವುದಿಲ್ಲ. ಅಂಟುವ ಬಗೆಯ ಇಂದ್ರಾಯಣಿ ಅಕ್ಕಿ ತನ್ನಿ. ಹೊಸ ಅಕ್ಕಿಯಾದರೆ ಆ ಮೇಲಿನ ಎರಡು ಚಮಚ ನೀರು ಬಿಟ್ಟುಬಿಡಿ.